ಹ್ಯೂಗೋ ಸೈಟಲ್ಲಿ ಡೆವಲಪ್‌ಮೆಂಟ್, ಸ್ಟೇಜಿಂಗ್, ಪ್ರೊಡಕ್ಷನ್ ಕಾನ್ಫಿಗ್ ಬೇರೆ ಬೇರೆ ಇಟ್ಕೊಳ್ಳೋದು ಹೇಗೆ

ಹ್ಯೂಗೋ ಅಂದ್ರೆ ಸ್ಟ್ಯಾಟಿಕ್ ಸೈಟ್ (ಮೊದ್ಲೇ ತಯಾರಾದ ಎಚ್‌ಟಿಎಂಎಲ್ ಪೇಜುಗಳ ಸೈಟ್) ಮಾಡಿಕೊಡೋ ಟೂಲು. ಅದ್ರಲ್ಲಿ ಸೈಟ್ ಶುರು ಮಾಡಿದಾಗ ಇರೋದು ಒಂದೇ ಕಾನ್ಫಿಗ್ (ಸೆಟ್ಟಿಂಗ್) ಫೈಲು, ಹ್ಯೂಗೋ.ಟಾಮ್ಲ್ ಅಂತ (ಟಾಮ್ಲ್ ಅನ್ನೋದು ಸೆಟ್ಟಿಂಗ್ ಬರೆಯೋ ಒಂದು ಫಾರ್ಮ್ಯಾಟ್). ಹಳೇ ಸೈಟಾದ್ರೆ ಕಾನ್ಫಿಗ್.ಟಾಮ್ಲ್ ಅಂತಿರತ್ತೆ, 0.110 ವರ್ಷನ್ನಿಂದ ಹೆಸರು ಬದಲಾಯ್ತು ಆದ್ರೆ ಹಳೇ ಹೆಸರೂ ನಡಿಯತ್ತೆ. ಶುರುಲಿ ಅಷ್ಟು ಸಾಕು. ಆಮೇಲೆ ಒಂದಿನ ಅನಾಲಿಟಿಕ್ಸ್ ಹಾಕ್ತೀವಿ, ನಮ್ಮ ಲ್ಯಾಪ್‌ಟಾಪಲ್ಲಿ ನಾವೇ ನೂರು ಸಲ ರಿಫ್ರೆಶ್ ಮಾಡಿದ್ದೂ ಅದ್ರಲ್ಲಿ ಎಣಿಕೆ ಆಗತ್ತೆ, ಸ್ನೇಹಿತರಿಗೆ ತೋರಿಸೋಕೆ ಅಂತ ಒಂದು ಸ್ಟೇಜಿಂಗ್ ಸೈಟ್ ಮಾಡ್ತೀವಿ ಅದು ಗೂಗಲಲ್ಲಿ ಬಂದು ಕೂತ್ಕೊಳ್ಳತ್ತೆ, ಡ್ರಾಫ್ಟ್ ನೋಡೋಕೆ ಅಂತ ಕಾನ್ಫಿಗಲ್ಲಿ ಒಂದು ಸಾಲು ಆನ್ ಮಾಡಿರ್ತೀವಿ ಅದನ್ನ ಆಫ್ ಮಾಡೋದು ಮರೆತು ಕಮಿಟ್ ಮಾಡಿದ್ರೆ ಅರ್ಧ ಬರೆದ ಲೇಖನ ಎಲ್ಲಾ ಲೈವ್. ಪ್ರತಿ ಸಲ ಡಿಪ್ಲಾಯ್ ಮಾಡೋ ಮುಂಚೆ ಕೈಯಲ್ಲಿ ತಿದ್ದೋದು, ಆಮೇಲೆ ವಾಪಸ್ ತಿದ್ದೋದು, ಇದು ಜಾಸ್ತಿ ದಿನ ನಡಿಯಲ್ಲ.

ಇದಕ್ಕೆ ಹ್ಯೂಗೋದಲ್ಲೇ ವ್ಯವಸ್ಥೆ ಇದೆ, 0.53 ವರ್ಷನ್ನಿಂದ್ಲೂ ಇದೆ, ಬೇರೆ ಪ್ಲಗಿನ್ ಏನೂ ಬೇಡ. ಮುಂದೆ ಹೋಗೋ ಮುಂಚೆ ಒಂದು ಮಾತು: ಫೈಲ್ ಹೆಸರು, ಕೀ ಹೆಸರು, ಕಮಾಂಡು ಎಲ್ಲಾ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೀತಿದೀನಿ, ನೀವು ಟೈಪ್ ಮಾಡ್ವಾಗ ಮಾಮೂಲಿ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ. ಫೋಲ್ಡರ್ ಹೆಸರೆಲ್ಲ ಸಣ್ಣಕ್ಷರದಲ್ಲೇ ಇರ್ಲಿ, ಯಾಕಂದ್ರೆ ಬಿಲ್ಡ್ ಸರ್ವರ್‌ಗಳು ಸಾಮಾನ್ಯವಾಗಿ ಲಿನಕ್ಸ್, ಅಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ, ನಿಮ್ಮ ವಿಂಡೋಸ್ ಮಶೀನಲ್ಲಿ ನಡೆದಿದ್ದು ಅಲ್ಲಿ ನಡಿಯಲ್ಲ.

ಹೆಜ್ಜೆ 1: ಎನ್ವಿರಾನ್ಮೆಂಟ್ ಅಂದ್ರೆ ಹ್ಯೂಗೋಗೆ ಏನು

ಅದು ಬರೀ ಒಂದು ಹೆಸರು. ನೀವು ಹ್ಯೂಗೋ ಸರ್ವರ್ ಅಂತ ಓಡಿಸಿದ್ರೆ ಹೆಸರು ತಾನಾಗೇ ಡೆವಲಪ್‌ಮೆಂಟ್ (ನಮ್ಮ ಮಶೀನಲ್ಲಿ ಬರೀತಾ ನೋಡೋದು) ಅಂತ ಆಗತ್ತೆ, ಬರೀ ಹ್ಯೂಗೋ ಅಂತ ಓಡಿಸಿ ಬಿಲ್ಡ್ ಮಾಡಿದ್ರೆ ಪ್ರೊಡಕ್ಷನ್ (ಲೈವ್ ಸೈಟು). ಇವೆರಡು ಬಿಟ್ಟು ಬೇರೆ ಬೇಕಂದ್ರೆ ನೀವೇ ಹೇಳ್ಬೇಕು, ಎರಡು ದಾರಿ ಇದೆ. ಕಮಾಂಡ್ ಜೊತೆ --ಎನ್ವಿರಾನ್ಮೆಂಟ್ ಸ್ಟೇಜಿಂಗ್ ಅಂತ ಕೊಡೋದು (ಚಿಕ್ಕದಾಗಿ -ಇ ಅಂದ್ರೂ ಸಾಕು), ಇಲ್ಲಾಂದ್ರೆ ಹ್ಯೂಗೋ_ಎನ್ವಿರಾನ್ಮೆಂಟ್ ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್ ಸೆಟ್ ಮಾಡೋದು. ಎರಡೂ ಇದ್ರೆ ಕಮಾಂಡಲ್ಲಿ ಕೊಟ್ಟಿದ್ದೇ ಗೆಲ್ಲೋದು.

ಹೆಸರು ಯಾವ್ದಾದ್ರೂ ಇಡ್ಬೋದು, ಪ್ರಿವ್ಯೂ ಅನ್ನಿ, ಪರೀಕ್ಷೆ ಅನ್ನಿ, ಹ್ಯೂಗೋ ಏನೂ ತಕರಾರು ಮಾಡಲ್ಲ. ಅದೇ ಸ್ವಲ್ಪ ತೊಂದ್ರೆನೂ ಹೌದು, ಸ್ಟೇಜಿಂಗ್ ಅನ್ನೋದ್ರಲ್ಲಿ ಒಂದಕ್ಷರ ತಪ್ಪು ಟೈಪ್ ಮಾಡಿದ್ರೆ ಎರರ್ ಬರಲ್ಲ, ಆ ಹೆಸರಿನ ಫೋಲ್ಡರ್ ಸಿಗ್ಲಿಲ್ಲ ಅಂತ ಸುಮ್ನೆ ಡಿಫಾಲ್ಟ್ ಸೆಟ್ಟಿಂಗ್ ತಗೊಂಡು ಬಿಲ್ಡ್ ಮುಗ್ಸಿಬಿಡತ್ತೆ. ಇದು ನೆನಪಲ್ಲಿಟ್ಕೊಳ್ಳಿ, ಮೂರನೇ ಹೆಜ್ಜೆಲಿ ಬೇಕಾಗತ್ತೆ.

ಹೆಜ್ಜೆ 2: ಫೋಲ್ಡರ್ ಮಾಡಿ, ಇರೋ ಫೈಲನ್ನ ಒಳಗೆ ಸರಿಸಿ

ಪ್ರಾಜೆಕ್ಟ್ ರೂಟಲ್ಲಿ ಕಾನ್ಫಿಗ್ ಅಂತ ಫೋಲ್ಡರ್, ಅದರೊಳಗೆ ಈ ನಾಲ್ಕು:

ಕಾನ್ಫಿಗ್/_ಡಿಫಾಲ್ಟ್/
ಕಾನ್ಫಿಗ್/ಡೆವಲಪ್‌ಮೆಂಟ್/
ಕಾನ್ಫಿಗ್/ಸ್ಟೇಜಿಂಗ್/
ಕಾನ್ಫಿಗ್/ಪ್ರೊಡಕ್ಷನ್/

ಡಿಫಾಲ್ಟ್ ಹೆಸರಿನ ಶುರುಲಿ ಅಂಡರ್‌ಸ್ಕೋರ್ ಇದೆ, ಬಿಡ್ಬೇಡಿ. ಈಗ ರೂಟಲ್ಲಿರೋ ಹ್ಯೂಗೋ.ಟಾಮ್ಲನ್ನ ಹಾಗೇ ಎತ್ತಿ _ಡಿಫಾಲ್ಟ್ ಒಳಗೆ ಹಾಕಿ. ಕಾಪಿ ಅಲ್ಲ, ಮೂವ್. ರೂಟಲ್ಲೂ ಒಂದು ಬಿಟ್ರೆ ಹ್ಯೂಗೋ ಅದನ್ನೂ ಓದತ್ತೆ, ಆಮೇಲೆ ಯಾವ ಸೆಟ್ಟಿಂಗ್ ಎಲ್ಲಿಂದ ಬಂತು ಅಂತ ಹುಡ್ಕೋದ್ರಲ್ಲೇ ಸಂಜೆ ಆಗತ್ತೆ. ಸರಿಸಿದ್ಮೇಲೆ ಹ್ಯೂಗೋ ಸರ್ವರ್ ಓಡ್ಸಿ ನೋಡಿ, ಸೈಟ್ ಮೊದಲು ಹೇಗಿತ್ತೋ ಹಾಗೇ ಬರ್ಬೇಕು. ಬಂತಾ, ಇಲ್ಲೇ ಒಂದು ಕಮಿಟ್ ಹಾಕಿ.

ಫೈಲ್ ದೊಡ್ಡದಿದ್ರೆ ಒಡೀಬೋದು. ಪ್ಯಾರಾಮ್ಸ್ ಭಾಗನ (ಪೇಜಿನ ಅಚ್ಚು, ಅಂದ್ರೆ ಟೆಂಪ್ಲೇಟ್, ಓದೋ ನಮ್ಮದೇ ಸೆಟ್ಟಿಂಗ್‌ಗಳು) ಪ್ಯಾರಾಮ್ಸ್.ಟಾಮ್ಲ್ ಅಂತ, ಮೆನುಗಳನ್ನ ಮೆನೂಸ್.ಟಾಮ್ಲ್ ಅಂತ, ಕನ್ನಡ ಇಂಗ್ಲಿಷ್ ಎರಡೂ ಇರೋ ಸೈಟಾದ್ರೆ ಮೆನೂಸ್.ಕೆಎನ್.ಟಾಮ್ಲ್, ಮೆನೂಸ್.ಇಎನ್.ಟಾಮ್ಲ್ ಅಂತ ಭಾಷೆಗೊಂದು. ಇಲ್ಲಿ ಸುಮಾರು ಜನ ಜಾರೋ ಜಾಗ ಒಂದಿದೆ: ಪ್ಯಾರಾಮ್ಸ್.ಟಾಮ್ಲ್ ಒಳಗೆ ಮತ್ತೆ [ಪ್ಯಾರಾಮ್ಸ್] ಅಂತ ಹೆಡ್ಡಿಂಗ್ ಹಾಕ್ಬಾರ್ದು. ಫೈಲ್ ಹೆಸರೇ ಆ ಹೆಡ್ಡಿಂಗ್. ಹಾಕಿದ್ರೆ ಪ್ಯಾರಾಮ್ಸ್ ಒಳಗೆ ಇನ್ನೊಂದು ಪ್ಯಾರಾಮ್ಸ್ ಆಗಿ ಟೆಂಪ್ಲೇಟಿಗೆ ಏನೂ ಸಿಗಲ್ಲ, ಎರರೂ ಇರಲ್ಲ, ಲೋಗೋ ಮಾತ್ರ ಮಾಯ. ಅದೇ ತರ ಪ್ಯಾರಾಮ್ಸ್.ಟಾಮ್ಲಲ್ಲಿ ಹಿಂದೆ [ಪ್ಯಾರಾಮ್ಸ್.ಸೋಶಿಯಲ್] ಅಂತಿದ್ದದ್ದು ಈಗ ಬರೀ [ಸೋಶಿಯಲ್] ಆಗ್ಬೇಕು.

ಟಾಮ್ಲ್ ಬಗ್ಗೆನೇ ಇನ್ನೊಂದು. ಒಂದ್ಸಲ ಚೌಕ ಬ್ರಾಕೆಟ್ ಹೆಡ್ಡಿಂಗ್ ಬಂದ್ಮೇಲೆ ಕೆಳಗಿರೋ ಸಾಲೆಲ್ಲಾ ಅದಕ್ಕೇ ಸೇರೋದು, ಮುಂದಿನ ಹೆಡ್ಡಿಂಗ್ ಬರೋ ತನಕ. ಮಧ್ಯ ಖಾಲಿ ಸಾಲು ಬಿಟ್ರೂ ಲೆಕ್ಕಕ್ಕಿಲ್ಲ. ಹಾಗಾಗಿ ಬೇಸ್‌ಯುಆರ್‌ಎಲ್ (ಸೈಟಿನ ಅಡ್ರೆಸ್), ಟೈಟಲ್ ತರ ಮೇಲ್ಮಟ್ಟದ ಕೀಗಳು ಫೈಲಿನ ಮೇಲ್ಗಡೆನೇ ಇರ್ಬೇಕು, ಆಮೇಲೆ ನೆನಪಾಯ್ತು ಅಂತ ಕೊನೇಲಿ ಸೇರಿಸಿದ್ರೆ ಅದು ಯಾವ್ದೋ ಹೆಡ್ಡಿಂಗ್ ಒಳಗೆ ಹೋಗಿ ಕೂರತ್ತೆ.

ಹೆಜ್ಜೆ 3: ಯಾವ ಫೋಲ್ಡರಲ್ಲಿ ಏನು ಬರೀಬೇಕು

ಇದೇ ಮುಖ್ಯ ಹೆಜ್ಜೆ, ಸ್ವಲ್ಪ ನಿಧಾನಕ್ಕೆ ಓದಿ. ತುಂಬ ಜನ _ಡಿಫಾಲ್ಟಲ್ಲಿರೋ ಪೂರ್ತಿ ಫೈಲನ್ನ ಮೂರೂ ಫೋಲ್ಡರಿಗೆ ಕಾಪಿ ಮಾಡಿ ಅಲ್ಲಲ್ಲಿ ತಿದ್ಕೊಳ್ತಾರೆ. ಮಾಡ್ಬೇಡಿ. ಆಗ ಮೆನುಗೆ ಒಂದು ಲಿಂಕ್ ಸೇರಿಸ್ಬೇಕಂದ್ರೂ ನಾಲ್ಕು ಕಡೆ ಸೇರಿಸ್ಬೇಕು, ಒಂದು ಕಡೆ ಬಿಟ್ಟೋಗೇ ಬಿಟ್ಟೋಗತ್ತೆ. ಹ್ಯೂಗೋ ಮೊದ್ಲು _ಡಿಫಾಲ್ಟ್ ಓದಿ, ಅದರ ಮೇಲೆ ಆ ಎನ್ವಿರಾನ್ಮೆಂಟಿನ ಫೋಲ್ಡರಲ್ಲಿರೋದನ್ನ ಕೂರಿಸತ್ತೆ, ಹಾಗಾಗಿ ಅಲ್ಲಿ ಬದಲಾಗೋ ಸಾಲು ಮಾತ್ರ ಸಾಕು. ನನ್ನ ಪ್ರಕಾರ ಒಂದು ಎನ್ವಿರಾನ್ಮೆಂಟ್ ಫೋಲ್ಡರಲ್ಲಿ ಹತ್ತು ಸಾಲು ದಾಟ್ತು ಅಂದ್ರೆ ಎಲ್ಲೋ ಎಡವಟ್ಟಾಗಿದೆ ಅಂತಾನೇ ಅರ್ಥ.

ಮರ್ಜ್ ಹೇಗಾಗತ್ತೆ ಅಂತ ಗೊತ್ತಿರ್ಲಿ. ಹೆಡ್ಡಿಂಗ್ ಒಳಗಿರೋ ಕೀ-ವ್ಯಾಲ್ಯೂಗಳು ಒಂದೊಂದಾಗಿ ಸೇರ್ಕೊಳ್ತವೆ, ಅಂದ್ರೆ ಪ್ಯಾರಾಮ್ಸಲ್ಲಿ ಇಪ್ಪತ್ತು ಕೀ ಇದ್ದು ನೀವು ಪ್ರೊಡಕ್ಷನ್ನಲ್ಲಿ ಒಂದನ್ನ ಮಾತ್ರ ಬರೆದ್ರೆ ಉಳಿದ ಹತ್ತೊಂಬತ್ತು ಹಾಗೇ ಇರ್ತವೆ. ಆದ್ರೆ ಲಿಸ್ಟು ಹಾಗಲ್ಲ, ಚೌಕ ಬ್ರಾಕೆಟ್ಟಲ್ಲಿ ಕಾಮಾ ಹಾಕಿ ಬರೆದ ಲಿಸ್ಟ್ ಪೂರ್ತಿ ಬದಲಾಗತ್ತೆ, ಹಳೇದಕ್ಕೆ ಸೇರ್ಕೊಳ್ಳಲ್ಲ. ಇನ್ನೊಂದು, ಡಿಫಾಲ್ಟಲ್ಲಿರೋ ಕೀನ ಎನ್ವಿರಾನ್ಮೆಂಟ್ ಫೋಲ್ಡರಿಂದ ಅಳಿಸೋಕೆ ಆಗಲ್ಲ, ಫಾಲ್ಸ್ ಅಂತಲೋ ಖಾಲಿ ಸ್ಟ್ರಿಂಗ್ ಅಂತಲೋ ಬರೀಬೇಕು ಅಷ್ಟೇ.

ಈಗ _ಡಿಫಾಲ್ಟ್/ಪ್ಯಾರಾಮ್ಸ್.ಟಾಮ್ಲ್ ಒಳಗೆ ಎರಡು ಸಾಲು (ನೋಇಂಡೆಕ್ಸ್ ಅಂದ್ರೆ ಸರ್ಚಲ್ಲಿ ತೋರಿಸ್ಬೇಡಿ ಅಂತ, ಈ ಎರಡನ್ನೂ ನಾಲ್ಕನೇ ಹೆಜ್ಜೆಲಿ ಟೆಂಪ್ಲೇಟ್ ಓದತ್ತೆ):

ಅನಾಲಿಟಿಕ್ಸ್ = ಫಾಲ್ಸ್
ನೋಇಂಡೆಕ್ಸ್ = ಟ್ರೂ

ಪ್ರೊಡಕ್ಷನ್/ಪ್ಯಾರಾಮ್ಸ್.ಟಾಮ್ಲ್ ಒಳಗೆ ಅದರ ಉಲ್ಟಾ:

ಅನಾಲಿಟಿಕ್ಸ್ = ಟ್ರೂ
ನೋಇಂಡೆಕ್ಸ್ = ಫಾಲ್ಸ್

ಯಾಕೆ ಹೀಗೆ, ಲೈವ್ ಸೈಟಿಗೆ ಬೇಕಾಗಿದ್ದನ್ನ ಡಿಫಾಲ್ಟಲ್ಲೇ ಇಟ್ಟು ಸ್ಟೇಜಿಂಗಲ್ಲಿ ಆಫ್ ಮಾಡ್ಬೋದಿತ್ತಲ್ವಾ ಅಂತ ಕೇಳ್ಬೋದು. ಮಾಡ್ಬೋದು, ಆದ್ರೆ ಹೆಸರು ತಪ್ಪು ಟೈಪಾದ್ರೆ ಹ್ಯೂಗೋ ಸುಮ್ನೆ ಡಿಫಾಲ್ಟ್ ತಗೊಳ್ಳತ್ತೆ ಅಂತ ಮೊದ್ಲೇ ಹೇಳಿದ್ನಲ್ಲ, ಆಗ ಡಿಫಾಲ್ಟಲ್ಲಿ ಇರೋದು ಯಾರಿಗೂ ಹಾನಿ ಮಾಡದ ಸೆಟ್ಟಿಂಗ್ ಆಗಿರ್ಬೇಕು. ತಪ್ಪಾದ್ರೂ ಸ್ಟೇಜಿಂಗ್ ಸೈಟ್ ಗೂಗಲಿಗೆ ಹೋಗಲ್ಲ. ಪ್ರೊಡಕ್ಷನ್ನಂತೂ ಬರೀ ಹ್ಯೂಗೋ ಅಂದ್ರೆ ತಾನಾಗೇ ಬರೋ ಹೆಸರು, ಅಲ್ಲಿ ಟೈಪೋ ಆಗೋ ಚಾನ್ಸ್ ಕಮ್ಮಿ.

ಪ್ರೊಡಕ್ಷನ್/ಹ್ಯೂಗೋ.ಟಾಮ್ಲ್ ಒಳಗೆ ಬೇಕಾದ್ರೆ [ಮಿನಿಫೈ] ಹೆಡ್ಡಿಂಗ್ ಹಾಕಿ ಮಿನಿಫೈಔಟ್‌ಪುಟ್ = ಟ್ರೂ (ಔಟ್‌ಪುಟ್ ಫೈಲುಗಳನ್ನ ಚಿಕ್ಕದು ಮಾಡೋಕೆ). ಸ್ಟೇಜಿಂಗ್/ಹ್ಯೂಗೋ.ಟಾಮ್ಲ್ ಒಳಗೆ ಸ್ಟೇಜಿಂಗಿನ ಬೇಸ್‌ಯುಆರ್‌ಎಲ್, ಬಿಲ್ಡ್‌ಡ್ರಾಫ್ಟ್ಸ್ = ಟ್ರೂ (ಡ್ರಾಫ್ಟೂ ಬರ್ಲಿ ಅಂತ), ಬಿಲ್ಡ್‌ಫ್ಯೂಚರ್ = ಟ್ರೂ (ಮುಂದಿನ ತಾರೀಖಿನ ಲೇಖನನೂ ಬರ್ಲಿ ಅಂತ). ಡೆವಲಪ್‌ಮೆಂಟಲ್ಲೂ ಕೊನೇ ಎರಡು ಸಾಲು. ಮುಗೀತು.

ಡೆವಲಪ್‌ಮೆಂಟ್ ಫೋಲ್ಡರಲ್ಲಿ ಲೋಕಲ್‌ಹೋಸ್ಟ್ ಅಂತ ಬೇಸ್‌ಯುಆರ್‌ಎಲ್ ಬರೆಯೋ ಅಭ್ಯಾಸ ಸುಮಾರು ಜನಕ್ಕಿದೆ, ಅದು ಬೇಕಿಲ್ಲ. ಹ್ಯೂಗೋ ಸರ್ವರ್ ಓಡ್ವಾಗ ಡೊಮೇನ್ ಜಾಗಕ್ಕೆ ತಾನೇ ಲೋಕಲ್‌ಹೋಸ್ಟ್, ಪೋರ್ಟ್ 1313 ಹಾಕ್ಕೊಳ್ಳತ್ತೆ. ಬರೆಯದೇ ಇದ್ರೆ ಇನ್ನೊಂದು ಲಾಭನೂ ಇದೆ. ಗಿಟ್‌ಹಬ್ ಪೇಜಸಲ್ಲಿ ಪ್ರಾಜೆಕ್ಟ್ ಸೈಟ್ ಆದ್ರೆ ಅಡ್ರೆಸ್ಸಿನ ಕೊನೇಲಿ ರೆಪೋ ಹೆಸರಿನ ಒಂದು ಪಾತ್ ಇರತ್ತಲ್ಲ, ಆ ಪಾತ್ ಲೋಕಲಲ್ಲೂ ಹಾಗೇ ಉಳಿಯತ್ತೆ. ಎಲ್ಲೋ ಟೆಂಪ್ಲೇಟಲ್ಲಿ ಸ್ಲ್ಯಾಶಿಂದ ಶುರು ಮಾಡಿ ಇಮೇಜ್ ಲಿಂಕ್ ಬರೆದಿದ್ರೆ ಅದು ಲೈವಲ್ಲಿ ಒಡೆಯೋ ಬದಲು ನಿಮ್ಮ ಮಶೀನಲ್ಲೇ ಒಡೆಯತ್ತೆ, ಅಲ್ಲೇ ಸರಿ ಮಾಡ್ಕೋಬೋದು.

ಯಾವ ಕಾರಣಕ್ಕೂ ಎನ್ವಿರಾನ್ಮೆಂಟಿಂದ ಎನ್ವಿರಾನ್ಮೆಂಟಿಗೆ ಬದಲಾಗಬಾರದ ಕೀಗಳೂ ಇವೆ, ಪರ್ಮಾಲಿಂಕ್, ಭಾಷೆ, ಟೈಮ್‌ಜೋನ್ ಇಂಥವು, _ಡಿಫಾಲ್ಟಲ್ಲಿ ಮಾತ್ರ ಇರ್ಲಿ. ಕನ್ನಡದಲ್ಲಿ ಬರೆಯೋರಿಗೆ ಇದ್ರಲ್ಲಿ ಎರಡು ವಿಷ್ಯ ವಿಶೇಷವಾಗಿ. ಒಂದು ಟೈಮ್‌ಜೋನ್ = "ಏಷ್ಯಾ/ಕೋಲ್ಕತಾ" ಅಂತ ಹಾಕಿ. ಹಾಕ್ದೇ ಇದ್ರೆ ಲೇಖನದ ತಲೆಭಾಗದಲ್ಲಿ ನೀವು ಬೆಳಿಗ್ಗೆ 9 ಗಂಟೆ ಅಂತ ಬರೆದಿದ್ದನ್ನ ಹ್ಯೂಗೋ ಯುಟಿಸಿ ಅಂದ್ಕೊಳ್ಳತ್ತೆ, ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದೆ, ಅಂದ್ರೆ ಮಧ್ಯಾಹ್ನ 2:30ರ ತನಕ ಆ ಲೇಖನ ಭವಿಷ್ಯದ್ದು ಅಂತ ಪ್ರೊಡಕ್ಷನ್ ಬಿಲ್ಡಿಂದ ಹೊರಗೇ ಇರತ್ತೆ. ಡೆವಲಪ್‌ಮೆಂಟಲ್ಲಿ ಬಿಲ್ಡ್‌ಫ್ಯೂಚರ್ ಆನ್ ಇರೋದ್ರಿಂದ ಅಲ್ಲಿ ಚೆನ್ನಾಗೇ ಕಾಣತ್ತೆ, ಲೈವಲ್ಲಿ ಇಲ್ಲ, ಡಿಪ್ಲಾಯೇ ಆಗ್ಲಿಲ್ವೇನೋ ಅಂತ ತಲೆ ಕೆಡ್ಸಿಕೊಳ್ತಾರೆ.

ಎರಡನೇದು ರಿಮೂವ್‌ಪಾತ್‌ಆಕ್ಸೆಂಟ್ಸ್ ಅನ್ನೋ ಕೀ. ಯುರೋಪಿಯನ್ ಭಾಷೆಗಳ ಅಕ್ಷರದ ಮೇಲಿನ ಚಿಹ್ನೆ ತೆಗೆಯೋಕೆ ಅಂತ ಇರೋದು, ಡಿಫಾಲ್ಟಾಗಿ ಆಫ್ ಇರತ್ತೆ, ಹಾಗೇ ಇರ್ಲಿ. ಯಾವ್ದೋ ಥೀಮಿನ ಸ್ಯಾಂಪಲ್ ಕಾನ್ಫಿಗಿಂದ ಕಾಪಿ ಮಾಡ್ವಾಗ ಟ್ರೂ ಅಂತ ಬಂದ್ಬಿಟ್ರೆ ಯುಆರ್‌ಎಲ್ಲಲ್ಲಿ ನಮ್ಮ ಒತ್ತಕ್ಷರ ಮಾಡೋ ಹಲಂತ ಚಿಹ್ನೆ, ಇಕಾರದ ಗುಡಿಸು, ಎಕಾರದ ಏತ್ವ ಎಲ್ಲಾ ಕಿತ್ತೋಗತ್ತೆ. "ಕನ್ನಡ" ಅನ್ನೋ ಟ್ಯಾಗಿನ ಅಡ್ರೆಸ್ "ಕನನಡ" ಆಗಿ ನಿಲ್ಲತ್ತೆ.

ಹೆಜ್ಜೆ 4: ಟೆಂಪ್ಲೇಟಲ್ಲಿ ಏನು ಕೇಳ್ಬೇಕು

ಹ್ಯೂಗೋ.ಎನ್ವಿರಾನ್ಮೆಂಟ್ ಅಂತ ಟೆಂಪ್ಲೇಟಲ್ಲಿ ಬರೆದ್ರೆ ಈಗಿನ ಹೆಸರು ಸಿಗತ್ತೆ, ಹ್ಯೂಗೋ.ಈಸ್‌ಪ್ರೊಡಕ್ಷನ್ ಅಂತಾನೂ ಇದೆ. ಇದು ಗೊತ್ತಾದ ತಕ್ಷಣ ಎಲ್ಲಾ ಕಡೆ "ಪ್ರೊಡಕ್ಷನ್ ಆದ್ರೆ ಹೀಗೆ, ಸ್ಟೇಜಿಂಗ್ ಆದ್ರೆ ಹಾಗೆ" ಅಂತ ಇಫ್ ಹಾಕೋ ಆಸೆ ಆಗತ್ತೆ. ತಡ್ಕೊಳ್ಳಿ. ಟೆಂಪ್ಲೇಟ್ ಕೇಳ್ಬೇಕಾಗಿದ್ದು "ನಾನೆಲ್ಲಿದೀನಿ" ಅಂತಲ್ಲ, "ಅನಾಲಿಟಿಕ್ಸ್ ಹಾಕ್ಲಾ ಬೇಡ್ವಾ" ಅಂತ. ಅಂದ್ರೆ ಸೈಟ್.ಪ್ಯಾರಾಮ್ಸ್.ಅನಾಲಿಟಿಕ್ಸ್ ಟ್ರೂ ಇದ್ಯಾ ಅಂತ ನೋಡಿ ಸ್ಕ್ರಿಪ್ಟ್ ಹಾಕೋದು. ನಾಳೆ ಇನ್ನೊಂದು ಎನ್ವಿರಾನ್ಮೆಂಟ್ ಬಂದ್ರೆ ಟೆಂಪ್ಲೇಟ್ ಮುಟ್ಟೋ ಹಾಗೇ ಇಲ್ಲ, ಕಾನ್ಫಿಗಲ್ಲಿ ಒಂದು ಫೋಲ್ಡರ್ ಸೇರಿಸಿದ್ರಾಯ್ತು, ಯಾವ ಸೈಟಲ್ಲಿ ಏನು ಆನ್ ಇದೆ ಅನ್ನೋದು ಹತ್ತು ಪಾರ್ಶಿಯಲ್ (ಟೆಂಪ್ಲೇಟ್ ತುಂಡು) ಫೈಲಲ್ಲಿ ಚೆಲ್ಲಾಡದೆ ಒಂದೇ ಕಡೆ ಸಿಗತ್ತೆ.

ಅನಾಲಿಟಿಕ್ಸ್ ಕಂಡಿಷನ್ ಜೊತೆಗೆ ನಾಟ್ ಹ್ಯೂಗೋ.ಈಸ್‌ಸರ್ವರ್ ಅಂತ್ಲೂ ಸೇರಿಸಿ. ಯಾಕಂದ್ರೆ ಲೈವ್ ಸೈಟ್ ಹೇಗೆ ಕಾಣತ್ತೆ ಅಂತ ನೋಡೋಕೆ ಕೆಲವು ಸಲ ಲೋಕಲಲ್ಲೇ ಹ್ಯೂಗೋ ಸರ್ವರ್ -ಇ ಪ್ರೊಡಕ್ಷನ್ ಅಂತ ಓಡಿಸ್ತೀವಿ, ಆಗ ಮತ್ತೆ ನಮ್ಮದೇ ಕ್ಲಿಕ್ ಎಣಿಕೆ ಆಗ್ಬಾರ್ದು.

ನೋಇಂಡೆಕ್ಸ್ ಟ್ರೂ ಇದ್ರೆ ಹೆಡ್ ಭಾಗದಲ್ಲಿ ರೋಬಾಟ್ಸ್ ಮೆಟಾ ಟ್ಯಾಗ್ ಹಾಕಿ ನೋಇಂಡೆಕ್ಸ್ ಅಂತ ಬರೀಬೇಕು. ಇದರ ಜೊತೆಗೆ ರೋಬಾಟ್ಸ್.ಟಿಎಕ್ಸ್‌ಟಿಯಲ್ಲೂ ಡಿಸ್ಅಲೋ ಹಾಕಿ ಡಬಲ್ ಸೇಫ್ಟಿ ಅಂದ್ಕೊಳ್ಳೋರು ಇದಾರೆ, ಅದು ಉಲ್ಟಾ ಹೊಡಿಯತ್ತೆ. ಡಿಸ್ಅಲೋ ಅಂದ್ರೆ ಕ್ರಾಲರ್ (ಸರ್ಚ್ ಇಂಜಿನ್ನಿಗೆ ಪೇಜ್ ಓದೋ ಪ್ರೋಗ್ರಾಂ) ಪೇಜನ್ನ ತೆರೆಯೋದೇ ಇಲ್ಲ, ತೆರೆದೇ ಇದ್ರೆ ಒಳಗಿರೋ ನೋಇಂಡೆಕ್ಸ್ ಅದಕ್ಕೆ ಕಾಣಲ್ಲ, ಬೇರೆ ಎಲ್ಲೋ ಲಿಂಕ್ ಇದ್ರೆ ಅಡ್ರೆಸ್ ಮಾತ್ರ ಸರ್ಚಲ್ಲಿ ಬಂದುಬಿಡ್ಬೋದು. ಒಂದೇ ಸಾಕು, ನೋಇಂಡೆಕ್ಸ್. ನಿಜವಾಗ್ಲೂ ಯಾರೂ ನೋಡ್ಬಾರ್ದು ಅಂದ್ರೆ ಹೋಸ್ಟಿಂಗ್ ಕಡೆಯಿಂದ ಪಾಸ್‌ವರ್ಡ್ ಹಾಕ್ಬೇಕು, ಅದು ಹ್ಯೂಗೋ ಕೆಲಸ ಅಲ್ಲ.

ಹೆಸರು ನೇರವಾಗಿ ಬಳಸ್ಬೋದಾದ ಒಂದು ಜಾಗ ಇದೆ. ಹೆಡ್ಡಲ್ಲಿ ಬಿಲ್ಡ್-ಎನ್ವ್ ಅಂತ ಒಂದು ಮೆಟಾ ಟ್ಯಾಗ್ ಹಾಕಿ, ಕಂಟೆಂಟಲ್ಲಿ ಹ್ಯೂಗೋ.ಎನ್ವಿರಾನ್ಮೆಂಟ್ ಕೊಡಿ. ಡಿಪ್ಲಾಯ್ ಆದ್ಮೇಲೆ ಪೇಜ್ ಸೋರ್ಸ್ ತೆಗೆದ್ರೆ ಯಾವ ಹೆಸರಲ್ಲಿ ಬಿಲ್ಡ್ ಆಗಿದೆ ಅಂತ ಅಲ್ಲೇ ಕಾಣತ್ತೆ. ಎಚ್‌ಟಿಎಂಎಲ್ ಕಾಮೆಂಟಲ್ಲಿ ಹಾಕೋಕೆ ಹೋಗ್ಬೇಡಿ, ಗೋ ಟೆಂಪ್ಲೇಟ್ ಇಂಜಿನ್ ಕಾಮೆಂಟ್‌ಗಳನ್ನ ಕಿತ್ತು ಹಾಕತ್ತೆ.

ಹೆಜ್ಜೆ 5: ಮರ್ಜ್ ಆದ್ಮೇಲೆ ಏನಾಗಿದೆ ಅಂತ ಕಣ್ಣಾರೆ ನೋಡಿ

ಈ ಹೆಜ್ಜೆನ ಯಾರೂ ಮಾಡಲ್ಲ, ಮಾಡಿದ್ರೆ ಅರ್ಧ ತಲೆನೋವು ಕಮ್ಮಿ. ಹ್ಯೂಗೋ ಕಾನ್ಫಿಗ್ -ಇ ಸ್ಟೇಜಿಂಗ್ ಅಂತ ಓಡಿಸಿ. ಎಲ್ಲಾ ಸೇರಿಸಿ ಕೊನೆಗೆ ಹ್ಯೂಗೋ ಯಾವ ಸೆಟ್ಟಿಂಗ್ ಹಿಡ್ಕೊಂಡಿದೆ ಅಂತ ಪೂರ್ತಿ ಪ್ರಿಂಟ್ ಮಾಡತ್ತೆ. ಉದ್ದ ಇರತ್ತೆ, ಓದೋಕಾಗಲ್ಲ. ಹಾಗಾಗಿ ಸ್ಟೇಜಿಂಗಿಂದು ಒಂದು ಟೆಕ್ಸ್ಟ್ ಫೈಲಿಗೆ, ಪ್ರೊಡಕ್ಷನ್ನಿಂದು ಇನ್ನೊಂದಕ್ಕೆ ಹಾಕಿ ಎರಡಕ್ಕೂ ಡಿಫ್ ಹೊಡೀರಿ. ನೀವು ಫೋಲ್ಡರಲ್ಲಿ ಬರೆದ ಆ ಐದಾರು ಸಾಲು ಮಾತ್ರ ವ್ಯತ್ಯಾಸ ಬರ್ಬೇಕು. ನೀವು ಬರೀದೇ ಇರೋದು ಏನಾದ್ರೂ ಕಂಡ್ರೆ ಅಲ್ಲಿ ಹುಡುಕಿ, ಬರೆದಿದ್ದು ಕಾಣ್ಲಿಲ್ಲ ಅಂದ್ರೆ ನೂರಕ್ಕೆ ತೊಂಬತ್ತು ಪಾಲು ಎರಡನೇ ಹೆಜ್ಜೆಲಿ ಹೇಳಿದ ಹೆಡ್ಡಿಂಗ್ ಸಮಸ್ಯೆನೇ.

ಹೆಜ್ಜೆ 6: ಎನ್ವಿರಾನ್ಮೆಂಟ್ ವೇರಿಯಬಲ್, ಮತ್ತೆ ಸೀಕ್ರೆಟ್ ವಿಷ್ಯ

ಫೈಲ್ ಮುಟ್ಟದೇ ಹೊರಗಿಂದ ಒಂದು ಸೆಟ್ಟಿಂಗ್ ಬದಲಾಯಿಸ್ಬೇಕಂದ್ರೆ ಹ್ಯೂಗೋ_ ಅಂತ ಶುರುವಾಗೋ ವೇರಿಯಬಲ್ ಸಾಕು, ಎಲ್ಲಾ ದೊಡ್ಡಕ್ಷರದಲ್ಲಿ. ಹ್ಯೂಗೋ_ಬೇಸ್‌ಯುಆರ್‌ಎಲ್ ಅಂದ್ರೆ ಬೇಸ್‌ಯುಆರ್‌ಎಲ್, ಹ್ಯೂಗೋ_ಪ್ಯಾರಾಮ್ಸ್_ಅನಾಲಿಟಿಕ್ಸ್ ಅಂದ್ರೆ ಪ್ಯಾರಾಮ್ಸ್ ಒಳಗಿನ ಅನಾಲಿಟಿಕ್ಸ್. ಕೀ ಹೆಸರಲ್ಲೇ ಅಂಡರ್‌ಸ್ಕೋರ್ ಇದ್ರೆ ಗೊಂದಲ ಆಗತ್ತಲ್ಲ, ಅದಕ್ಕೆ ಅಂಡರ್‌ಸ್ಕೋರ್ ಬದಲು ಮಧ್ಯ ಸಣ್ಣ ಎಕ್ಸ್ ಅಕ್ಷರ ಹಾಕಿ ಬೇರ್ಪಡಿಸ್ಬೋದು, 0.79ರಿಂದ ನಡಿಯತ್ತೆ.

ಟೆಂಪ್ಲೇಟಲ್ಲಿ ಗೆಟ್ಎನ್ವ್ ಬಳಸಿ ವೇರಿಯಬಲ್ ಓದೋದಾದ್ರೆ 0.91ರಿಂದ ಸೆಕ್ಯುರಿಟಿ ಕಟ್ಟುಪಾಡಿದೆ: ಹ್ಯೂಗೋ_ ಅಂತ ಶುರುವಾಗೋವು, ಮತ್ತೆ ಸಿಐ ಅನ್ನೋದು, ಇವಿಷ್ಟಕ್ಕೇ ಅನುಮತಿ. ಬೇರೆ ಹೆಸರು ಬೇಕಂದ್ರೆ ಸೆಕ್ಯುರಿಟಿ ಸೆಟ್ಟಿಂಗಲ್ಲಿ ಸೇರಿಸ್ಬೇಕು, ನಾನಂತೂ ಹೆಸರನ್ನೇ ಹ್ಯೂಗೋ_ ಅಂತ ಬದಲಾಯಿಸಿ ಅಂತೀನಿ. ಡಾಟ್ ಎನ್ವ್ ಫೈಲ್ ಇಟ್ರೆ ಹ್ಯೂಗೋ ತಾನಾಗಿ ಓದಲ್ಲ, ಬೇರೆ ಫ್ರೇಮ್‌ವರ್ಕಿಂದ ಬಂದೋರು ಇದನ್ನ ಗಮನಿಸಿ.

ಇನ್ನು ಸೀಕ್ರೆಟ್. ಸ್ಟ್ಯಾಟಿಕ್ ಸೈಟಲ್ಲಿ ಸೀಕ್ರೆಟ್ ಅನ್ನೋದೇ ಇಲ್ಲ ಅಂತ ಇಟ್ಕೊಳ್ಳಿ. ಎಪಿಐ ಕೀನ ವೇರಿಯಬಲಲ್ಲಿಟ್ರೂ, ರೆಪೋದಲ್ಲಿ ಇಲ್ದೇ ಇದ್ರೂ, ಟೆಂಪ್ಲೇಟ್ ಅದನ್ನ ಪೇಜಿಗೆ ಬರೆದ ಕ್ಷಣ ಅದು ಎಚ್‌ಟಿಎಂಎಲ್ ಒಳಗಿದೆ, ಯಾರ್ ಬೇಕಾದ್ರೂ ಓದ್ಬೋದು. ಬಿಲ್ಡ್ ಸಮಯದಲ್ಲಿ ಡೇಟಾ ತರೋಕೆ ಮಾತ್ರ ಕೀ ಬಳಸಿ, ಬಂದ ಡೇಟಾ ಮಾತ್ರ ಪೇಜಲ್ಲಿ ಇರ್ಲಿ.

ಹೆಜ್ಜೆ 7: ಡಿಪ್ಲಾಯ್ ಕಡೆ ಹೇಳೋದು

ಸ್ಟೇಜಿಂಗ್ ಬ್ರಾಂಚ್ ಬಿಲ್ಡ್ ಆಗ್ವಾಗ ನೀವು ಹೆಸರು ಹೇಳ್ದೇ ಇದ್ರೆ ಅದು ಪ್ರೊಡಕ್ಷನ್ ಅಂತಾನೇ ಬಿಲ್ಡ್ ಆಗತ್ತೆ, ಇದೊಂದೇ ನೆನಪಿಟ್ರೂ ಸಾಕು.

ಹೋಸ್ಟಿಂಗ್ ನೆಟ್ಲಿಫೈ ಆದ್ರೆ ನೆಟ್ಲಿಫೈ.ಟಾಮ್ಲ್ ಒಳಗೆ ಕಾಂಟೆಕ್ಸ್ಟ್ ಅಂತ ಇರತ್ತೆ: ಪ್ರೊಡಕ್ಷನ್, ಡಿಪ್ಲಾಯ್-ಪ್ರಿವ್ಯೂ, ಬ್ರಾಂಚ್-ಡಿಪ್ಲಾಯ್. ಒಂದೊಂದಕ್ಕೂ ಎನ್ವಿರಾನ್ಮೆಂಟ್ ಭಾಗದಲ್ಲಿ ಹ್ಯೂಗೋ_ಎನ್ವಿರಾನ್ಮೆಂಟ್ ಕೊಡಿ. ಪ್ರಿವ್ಯೂಗೆ ಪ್ರತಿ ಸಲ ಹೊಸ ಅಡ್ರೆಸ್ ಬರೋದ್ರಿಂದ ಅದನ್ನ ಫೈಲಲ್ಲಿ ಬರೆಯೋಕಾಗಲ್ಲ, ಬಿಲ್ಡ್ ಕಮಾಂಡಲ್ಲಿ -ಬಿ (ಬೇಸ್‌ಯುಆರ್‌ಎಲ್ ಕೊಡೋಕೆ) ಹಾಕಿ ನೆಟ್ಲಿಫೈ ಕೊಡೋ ಡಿಪ್ಲಾಯ್_ಪ್ರೈಮ್_ಯುಆರ್‌ಎಲ್ ವೇರಿಯಬಲ್ ಕೊಡಿ. ಕ್ಲೌಡ್‌ಫ್ಲೇರ್ ಪೇಜಸಲ್ಲಿ ಅದೇ ಕೆಲಸಕ್ಕೆ ಸಿಎಫ್_ಪೇಜಸ್_ಯುಆರ್‌ಎಲ್. ಗಿಟ್‌ಹಬ್ ಆಕ್ಷನ್ಸಲ್ಲಾದ್ರೆ ವರ್ಕ್‌ಫ್ಲೋ ಫೈಲಿನ ಬಿಲ್ಡ್ ಸ್ಟೆಪ್ಪಲ್ಲಿ ಎನ್ವ್ ಕೆಳಗೆ ಬರೀಬೇಕು.

ಅಲ್ಲೇ ಹ್ಯೂಗೋ_ವರ್ಷನ್ ಕೂಡ ಫಿಕ್ಸ್ ಮಾಡಿ. ರೂಟಲ್ಲಿ ಹ್ಯೂಗೋ.ಟಾಮ್ಲ್ ಅನ್ನೋ ಹೆಸರು 0.110ಕ್ಕಿಂತ ಹಳೇ ಹ್ಯೂಗೋಗೆ ಗೊತ್ತೇ ಇಲ್ಲ, ಹಂಗೆ ಲೋಕಲಲ್ಲೊಂದು ವರ್ಷನ್ ಅಲ್ಲೊಂದು ವರ್ಷನ್ ಇದ್ರೆ ಕಾನ್ಫಿಗ್ ಎಷ್ಟು ಚೆನ್ನಾಗಿದ್ರೂ ಎರಡು ಕಡೆ ಬೇರೆ ಬೇರೆ ಸೈಟ್ ಬರತ್ತೆ.

ಲ್ಯಾಪ್‌ಟಾಪಿಂದಲೇ ಬಿಲ್ಡ್ ಮಾಡಿ ಅಪ್‌ಲೋಡ್ ಮಾಡೋರಿಗೆ: ಹ್ಯೂಗೋ ಬಿಲ್ಡ್ ಮಾಡೋ ಮುಂಚೆ ಪಬ್ಲಿಕ್ ಫೋಲ್ಡರನ್ನ (ತಯಾರಾದ ಸೈಟ್ ಹೋಗಿ ಬೀಳೋ ಜಾಗ) ಖಾಲಿ ಮಾಡಲ್ಲ. ಬೆಳಿಗ್ಗೆ ಸ್ಟೇಜಿಂಗಿಗೆ ಡ್ರಾಫ್ಟ್ ಸಮೇತ ಬಿಲ್ಡ್ ಮಾಡಿದ್ರಿ, ಸಂಜೆ ಅದೇ ಫೋಲ್ಡರಿಗೆ ಪ್ರೊಡಕ್ಷನ್ ಬಿಲ್ಡ್ ಮಾಡಿದ್ರಿ ಅಂದ್ರೆ ಡ್ರಾಫ್ಟಿನ ಎಚ್‌ಟಿಎಂಎಲ್ ಅಲ್ಲೇ ಇರತ್ತೆ, ಮೆನುಲಿ ಕಾಣಲ್ಲ ಆದ್ರೆ ಅಡ್ರೆಸ್ ಗೊತ್ತಿದ್ದೋರಿಗೆ ತೆರೆಯತ್ತೆ. ಕಾನ್ಫಿಗಲ್ಲಿ ಯಾವ ತಪ್ಪೂ ಇರಲ್ಲ. ಪ್ರತಿ ಬಿಲ್ಡಿಗೆ ಮುಂಚೆ ಪಬ್ಲಿಕ್ ಅಳಿಸಿ, ಇಲ್ಲಾಂದ್ರೆ ಸ್ಟೇಜಿಂಗ್ ಬಿಲ್ಡಿಗೆ --ಡೆಸ್ಟಿನೇಷನ್ ಕೊಟ್ಟು ಬೇರೆ ಫೋಲ್ಡರಿಗೇ ಕಳ್ಸಿ. ಎರಡೂ ಫೋಲ್ಡರನ್ನ ಗಿಟ್‌ಇಗ್ನೋರಿಗೂ ಹಾಕಿಬಿಡಿ.